ಮಾತ್ರೆ ಬದಲಾಯಿಸಿದ ಮೇಲೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗ್ತಿದೆ. ಹಳೆ ಕಾಯಿಲೆ ವಾಪಸ್ ಬಂತಾ?

ಖಿನ್ನತೆ, ಆತಂಕಕ್ಕೆ ಕೊಡುವ ಪ್ಯಾರಾಕ್ಸೆಟಿನ್ ನಿಲ್ಲಿಸಿ, ಅದೇ ಥರದ ಎಸ್ಸಿಟಾಲೋಪ್ರಾಮ್ ಶುರು ಮಾಡಿ ಆರು ದಿನ ಆಯ್ತು ಅಂತ ಬರೆದಿದ್ದೀರಿ. ತಲೆಸುತ್ತು, ವಾಕರಿಕೆ, ಸುಮ್ನೆ ಅಳು, ಕಣ್ಣು ಹೊರಳಿಸಿದರೆ ತಲೆಯೊಳಗೆ ಶಾಕ್. ಬೇಸತ್ತು "ಎರಡನ್ನೂ ಬಿಟ್ಟುಬಿಡಲಾ?" ಅಂತಲೂ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ಬಿಡಬೇಡಿ, ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ನಾನು ಡಾಕ್ಟರ್ ಅಲ್ಲ. ಆದರೆ ಆ ಶಾಕ್ ಏನು ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಶಿವಮೊಗ್ಗದವಳು. ಖಿನ್ನತೆಗೆ ಎರಡು ವರ್ಷ ವೆನ್ಲಾಫ್ಯಾಕ್ಸಿನ್ 150 ಮಿಲಿಗ್ರಾಂ ತೆಗೆದುಕೊಂಡಿದ್ದೆ. ಅದರಿಂದ ನನಗೆ ನಿಜವಾಗಿಯೂ ಒಳ್ಳೆಯದಾಯಿತು, ಹಾಸಿಗೆಯಿಂದ ಎದ್ದು ಮತ್ತೆ ಕೆಲಸಕ್ಕೆ ಹೋಗುವ ಹಾಗಾದೆ. ಆದರೆ ಬಿಪಿ ಏರತೊಡಗಿತು. ಈ ಔಷಧಿಯ ಡೋಸ್ ಹೆಚ್ಚಿದಂತೆ ಕೆಲವರಿಗೆ ಬಿಪಿ ಏರುತ್ತದೆ. ಹಾಗಾಗಿ ಡಾಕ್ಟರ್ ಸರ್ಟ್ರಾಲಿನ್‌ಗೆ ಬದಲಾಯಿಸೋಣ ಎಂದರು. ಎರಡು ವಾರ 75, ಆಮೇಲೆ ಎರಡು ವಾರ 37.5, ಅದರ ಜೊತೆಗೇ ಸರ್ಟ್ರಾಲಿನ್ 25, ನಂತರ 50. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. (ಇದು ನನಗೆ ಹಾಕಿಕೊಟ್ಟ ಲೆಕ್ಕ. ನಿಮಗೆ ಹೊಂದಬೇಕೆಂದೇನಿಲ್ಲ.)

ಮೊದಲ ಎರಡು ವಾರ ಏನೂ ತೊಂದರೆ ಆಗಲಿಲ್ಲ. 37.5 ಶುರು ಮಾಡಿ ನಾಲ್ಕು ದಿನಕ್ಕೆ ಮಾತ್ರೆ ಮುಗಿಯಿತು. ಮೆಡಿಕಲ್‌ನಲ್ಲಿ ಕೇಳಿದರೆ ಸ್ಟಾಕ್ ಇಲ್ಲ ಎಂದರು. ಇಷ್ಟು ಚಿಕ್ಕ ಡೋಸ್, ಇದ್ದರೆಷ್ಟು ಬಿಟ್ಟರೆಷ್ಟು ಅಂದುಕೊಂಡು ನಾನೂ ಸುಮ್ಮನಾದೆ. ತಪ್ಪು ಮಾಡಿದ್ದು ಅಲ್ಲೇ.

ಭಾನುವಾರ ಕೊನೆಯ ಮಾತ್ರೆ. ಸೋಮವಾರ ಸಂಜೆ ತಲೆಸುತ್ತು. ಮಂಗಳವಾರ ಸ್ಕೂಟಿಯಲ್ಲಿ ಹೋಗುವಾಗ ಎಡಕ್ಕೆ ನೋಡಲು ಕತ್ತು ತಿರುಗಿಸಿದೆ, ಝಲ್ ಎಂದಿತು. ಟ್ಯೂಬ್‌ಲೈಟ್ ಹತ್ತುವಾಗ ಮಿಣುಕುತ್ತದಲ್ಲ, ಹಾಗೆ ತಲೆಯೊಳಗೆ ಒಂದು ಕ್ಷಣ ಎಲ್ಲಾ ಆರಿ ಮತ್ತೆ ಹತ್ತಿದಂತೆ. ನೋವಿಲ್ಲ, ಆದರೆ ಜೀವ ಹಾರಿಹೋಯಿತು. ಗಾಡಿ ಪಕ್ಕಕ್ಕೆ ಹಾಕಿ ಬಹಳ ಹೊತ್ತು ಕೂತೆ. ರಾತ್ರಿ ಸಿನಿಮಾದಷ್ಟು ಸ್ಪಷ್ಟವಾದ ಕೆಟ್ಟ ಕನಸುಗಳು, ಎದ್ದರೆ ಮೈಯೆಲ್ಲಾ ಬೆವರು. ಟಿಫಿನ್ ಬಾಕ್ಸ್ ಮರೆತು ಬಂದಳು ಅಂತ ಮಗಳ ಮೇಲೆ ಕೂಗಾಡಿಬಿಟ್ಟೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಅತ್ತೆ ಪಿತ್ತ ಜಾಸ್ತಿಯಾಗಿದೆ ಅಂತ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು, ಪಾಪ.

ನಾನು ಮಾತ್ರ ಇದೆಲ್ಲಾ ಸರ್ಟ್ರಾಲಿನ್‌ನಿಂದಲೇ ಎಂದು ತೀರ್ಮಾನಿಸಿ, ಅದನ್ನೂ ಬಿಡಲು ಹೊರಟಿದ್ದೆ. ಗುರುವಾರ ಫೋನ್ ಮಾಡಿದಾಗ ಡಾಕ್ಟರ್ ಮೊದಲು ಕೇಳಿದ್ದೇ "37.5 ಕೊನೆಗೆ ತಗೊಂಡಿದ್ದು ಯಾವತ್ತು?" ಎಂದು. ಅದನ್ನು ಮತ್ತೆ ಶುರು ಮಾಡಲು ಹೇಳಿದರು. ಬೇರೆ ಅಂಗಡಿಯಲ್ಲಿ ಹುಡುಕಿ ತಂದೆವು. ಮಾರನೇ ದಿನ ಸಂಜೆಗೆಲ್ಲಾ ಮುಕ್ಕಾಲು ಪಾಲು ಹೋಯಿತು! ಕಾಯಿಲೆಯೇ ಮರಳಿದ್ದರೆ ಹೀಗೆ ಒಂದು ದಿನದಲ್ಲಿ ಇಳಿಯುತ್ತಿರಲಿಲ್ಲ, ಅಲ್ವಾ? ಹಳೆ ಔಷಧಿ ಮೈಬಿಟ್ಟು ಹೋಗುವಾಗ ಮಾಡಿದ ಗಲಾಟೆ ಅದು.

ಆಮೇಲೆ ಡಾಕ್ಟರ್ ವಿವರಿಸಿದರು. ವೆನ್ಲಾಫ್ಯಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಸಾಕು. ದೇಹದಲ್ಲಿ ಅದರಿಂದ ಆಗುವ ಇನ್ನೊಂದು ವಸ್ತುವಿಗೆ ಸುಮಾರು 11 ಗಂಟೆ. ನಿಮ್ಮ ಪ್ಯಾರಾಕ್ಸೆಟಿನ್‌ಗೆ ಹೆಚ್ಚುಕಡಿಮೆ ಒಂದು ದಿನ. ಫ್ಲೂಆಕ್ಸೆಟಿನ್‌ಗಾದರೆ ಹಲವು ದಿನಗಳೇ ಬೇಕು, ಅದಕ್ಕೇ ಅದನ್ನು ಬಿಟ್ಟಾಗ ಇಂಥ ಕಾಟ ಕಡಿಮೆ. ಬೇಗ ಹೋಗುವ ಔಷಧಿಗಳ ಪೈಕಿ ಈ ಶಾಕ್‌ಗೆ ಹೆಸರಾದವು ನಮ್ಮಿಬ್ಬರವೇ. ಇನ್ನೊಂದು ಮಾತು. 2019ರಲ್ಲಿ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬ ಸಂಶೋಧಕರು ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಈ ಔಷಧಿಗಳು ಚಿಕ್ಕ ಡೋಸ್‌ನಲ್ಲೂ ಮಿದುಳಿನಲ್ಲಿ ದೊಡ್ಡ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ 150ರಿಂದ 75ಕ್ಕೆ ಇಳಿಯುವುದಕ್ಕಿಂತ ಕೊನೆಯ ಚೂರಿನಿಂದ ಸೊನ್ನೆಗೆ ಇಳಿಯುವುದೇ ಮಿದುಳಿಗೆ ದೊಡ್ಡ ಮೆಟ್ಟಿಲು. ನಾನು ಹಾರಿದ್ದು ಆ ಮೆಟ್ಟಿಲನ್ನೇ.

ಯಾವುದು ಯಾವುದರಿಂದ ಅಂತ ತಿಳಿಯಲು ದಿನಗಳ ಲೆಕ್ಕ ಬಹಳ ಸಹಾಯ ಮಾಡುತ್ತದೆ. ಹಳೆಯದು ನಿಂತ ಎರಡು ಮೂರು ದಿನಕ್ಕೇ, ಕಾಯಿಲೆಯಲ್ಲಿ ಯಾವತ್ತೂ ಇರದಿದ್ದ ಶಾಕ್, ತಲೆಸುತ್ತು ಬಂದರೆ ಹೆಚ್ಚಾಗಿ ಬಿಟ್ಟ ಔಷಧಿಯದೇ. ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ ನಿಧಾನಕ್ಕೆ ಬರುತ್ತದೆ, ಹಳೆಯ ಮುಖ ಹೊತ್ತೇ ಬರುತ್ತದೆ. ಹೊಸ ಮಾತ್ರೆಯ ತೊಂದರೆ ಬೇರೆ ಥರ. ನನಗೆ ಹತ್ತು ದಿನ ಭೇದಿ ಇತ್ತು, ತಿಂಡಿ ಆದ ಮೇಲೆ ತೆಗೆದುಕೊಳ್ಳಲು ಶುರು ಮಾಡಿದೆ, ಕಡಿಮೆಯಾಯಿತು. ಗಂಡ ಹೆಂಡತಿ ನಡುವಿನ ಆಸಕ್ತಿಯೂ ತಗ್ಗಿತು. ಅದನ್ನು ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಡಾಕ್ಟರಿಗೆ ಅದು ದಿನಾ ಕೇಳುವ ವಿಷಯ, ಸಂಕೋಚ ಪಡಬೇಡಿ.

ಕೆಲವಕ್ಕೆ ಮಾತ್ರ ಕಾಯಬಾರದು. ಒಂದು ಕಡೆ ಕೂರಲಾಗದಷ್ಟು ಚಡಪಡಿಕೆ, ನಿದ್ದೆಯೇ ಬೇಡ ಎನಿಸುವ ವಿಪರೀತ ಹುರುಪು, ಸಾಯುವ ಯೋಚನೆ ಬಂದರೆ ಅವತ್ತೇ ಹೇಳಿ. 25ರೊಳಗಿನವರು ಇನ್ನೂ ಎಚ್ಚರ ವಹಿಸಬೇಕು. ಜ್ವರ, ನಡುಕ, ಮೈ ಸೆಟೆದುಕೊಳ್ಳುವುದು, ಗಲಿಬಿಲಿ ಒಟ್ಟಿಗೆ ಬಂದರೆ ನೇರ ಆಸ್ಪತ್ರೆಗೆ. ನೋವಿಗೆ ಟ್ರಮಡಾಲ್, ಕೆಮ್ಮಿಗೆ ಡೆಕ್ಸ್‌ಟ್ರೊಮೆಥಾರ್ಫನ್ ಇರುವ ಸಿರಪ್ ಕೇಳದೆ ತೆಗೆದುಕೊಳ್ಳಬೇಡಿ. ಈ ಮಾತ್ರೆಗಳ ಜೊತೆ ಸೇರಿದರೆ ಆ ಅಪಾಯ ಹೆಚ್ಚುತ್ತದೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಅಪಾಯಿಂಟ್‌ಮೆಂಟ್ ಮೂರು ವಾರ ಬಿಟ್ಟು ಅಂದಿರಿ. ಅಲ್ಲಿವರೆಗೆ ಯಾಕೆ ಕಾಯುತ್ತೀರಿ? ನಾಳೆ ಬೆಳಿಗ್ಗೆಯೇ ಫೋನ್ ಮಾಡಿ. ಪ್ಯಾರಾಕ್ಸೆಟಿನ್ ಎಷ್ಟಿತ್ತು, ಕೊನೆಯ ಮಾತ್ರೆ ಯಾವತ್ತು, ಶಾಕ್ ಶುರುವಾಗಿದ್ದು ಯಾವತ್ತು, ಬೇರೆ ಏನು ತೆಗೆದುಕೊಳ್ಳುತ್ತಿದ್ದೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಮ್ಮೆಲೇ ನಿಲ್ಲಿಸಿದ್ದರಿಂದ ಹೀಗಾಯಿತಾ, ನಿಧಾನಕ್ಕೆ ಇಳಿಸಬಹುದಾ ಅಂತ ನೇರವಾಗಿ ಕೇಳಿ. ಶಾಕ್ ನಿಲ್ಲುವವರೆಗೆ ಬೈಕ್ ಮುಟ್ಟಬೇಡಿ, ಬಸ್ಸಿಗೇ ಹೋಗಿ. ಡಾಕ್ಟರ್ ಏನಂದರು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.