ವಾಹನ ಸಲಹೆ: ಹೀಟ್ ಆಗುವ ಎಂಜಿನ್, ರಿಪೇರಿಯೋ ಮಾರಾಟವೋ?

ಪ್ರಶ್ನೆ: ನಾನು ಧಾರವಾಡದ ಕಡೆಯವನು, ಪುಣೆಯ ನಿಗಡಿಯಲ್ಲಿ ನೆಲೆಸಿದ್ದೇನೆ. 2013ರ ನವೆಂಬರ್‌ನಲ್ಲಿ ಹೊಸದಾಗಿ ಕೊಂಡ 1.2 ಲೀಟರ್ ಪೆಟ್ರೋಲ್ ಕಾರು ಈಗ 1,12,000 ಕಿಲೋಮೀಟರ್ ಓಡಿದೆ. ಊರಿಗೆ ಹೊರಟಾಗ ಖಂಬಾಟ್ಕಿ ಘಾಟ್ ಏರುವಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಬರುವಾಗ ಸುರಂಗದ ದಾರಿಯಲ್ಲಿ ಅಷ್ಟು ತೊಂದರೆಯಿಲ್ಲ. ಕೂಲೆಂಟ್ ಆಗಾಗ ಇಳಿಯುತ್ತದೆ, ಆದರೆ ಪಾರ್ಕಿಂಗ್ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಪರಿಚಯದ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಹೋಗಿದೆ, 30,000 ರೂಪಾಯಿ ಆಗಬಹುದು ಎನ್ನುತ್ತಾರೆ. ದೊಡ್ಡ ವರ್ಕ್‌ಶಾಪ್ ಒಂದರವರು ಎಂಜಿನ್ನನ್ನು ಪೂರ್ತಿ ಬಿಚ್ಚಬೇಕೆಂದು 95,000 ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಹಳೆಯ ಕಾರುಗಳ ವ್ಯಾಪಾರಿಯೊಬ್ಬರು ಇದ್ದ ಸ್ಥಿತಿಯಲ್ಲೇ 90,000 ಕೊಡಲು ಸಿದ್ಧರಿದ್ದಾರೆ. ಇದೇ ಮಾದರಿಯ ಚೆನ್ನಾಗಿರುವ ಕಾರಿಗೆ ಇಲ್ಲಿ 1,80,000ದ ಆಸುಪಾಸು ಬೆಲೆಯಿದೆ. ಕಾರಿನ ಬಾಡಿಯಲ್ಲಿ ತುಕ್ಕಿಲ್ಲ, ಟೈರುಗಳು ಚೆನ್ನಾಗಿವೆ. ಏನು ಮಾಡುವುದು? ಮಾರುವುದಾದರೆ ಈ ದೋಷವನ್ನು ಕೊಳ್ಳುವವರಿಗೆ ಹೇಳಲೇಬೇಕೇ?

ಉತ್ತರ: ನಿಮ್ಮ ಕೈಯಲ್ಲಿ ಮೂರು ಬೆಲೆಗಳಿವೆ, ಆದರೆ ಕಾಯಿಲೆ ಯಾವುದೆಂದು ಮಾತ್ರ ಇನ್ನೂ ಖಚಿತವಾಗಿಲ್ಲ. 30,000 ಮತ್ತು 95,000ದ ನಡುವಿನ ಅಂತರ ಗ್ಯಾರೇಜುಗಳ ದರದ ಅಂತರವಷ್ಟೇ ಅಲ್ಲ. ಇಬ್ಬರೂ ಬೇರೆ ಬೇರೆ ದೋಷಗಳನ್ನು ಊಹಿಸಿಕೊಂಡು ಲೆಕ್ಕ ಹಾಕಿದ್ದಾರೆ. ಇಬ್ಬರಲ್ಲಿ ಯಾರಾದರೂ ಪರೀಕ್ಷೆ ಮಾಡಿದರೆಂದು ನೀವು ಬರೆದಿಲ್ಲ. ಪರೀಕ್ಷೆಗೆ ತಗಲುವ ಖರ್ಚು ಈ ಎರಡೂ ಅಂದಾಜುಗಳ ಮುಂದೆ ಅತ್ಯಲ್ಪವಾದ್ದರಿಂದ, ಅದಕ್ಕೆ ಮೊದಲು ರಿಪೇರಿಗೆ ಒಪ್ಪುವುದೂ ಬೇಡ, ವ್ಯಾಪಾರಿಯಿಂದ ಮುಂಗಡ ಪಡೆಯುವುದೂ ಬೇಡ.

ಮೊದಲು ನೀವೇ ಮಾಡಬಹುದಾದದ್ದನ್ನು ಹೇಳುತ್ತೇನೆ. ರಾತ್ರಿಯಿಡೀ ನಿಂತ, ಪೂರ್ತಿ ತಣ್ಣಗಾದ ಎಂಜಿನ್‌ನಲ್ಲಿ ಮಾತ್ರ ರೇಡಿಯೇಟರ್ ಮುಚ್ಚಳ ತೆರೆಯಿರಿ. ಬಿಸಿಯಿರುವಾಗ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಚಾಲೂ ಮಾಡಿ ನೀರಿನ ಮೇಲ್ಮೈಯನ್ನು ನೋಡುತ್ತಿರಿ. ಆರಂಭದಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ, ಆದರೆ ಬಿಡದೆ ಸಾಲಾಗಿ ಬರುತ್ತಿದ್ದರೆ ಸಿಲಿಂಡರಿನ ಅನಿಲವು ನೀರಿನ ಹಾದಿಗೆ ನುಗ್ಗುತ್ತಿದೆ ಎಂದು ಶಂಕಿಸಬೇಕು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲಿನ ಕೆನೆಯಂಥ ಪದರ ಕಂಡರೆ ಅನೇಕರು ಗಾಬರಿಯಾಗುತ್ತಾರೆ. ಮಳೆಗಾಲದಲ್ಲಿ ತರಕಾರಿ ಮಾರುಕಟ್ಟೆಯವರೆಗೆ ಮಾತ್ರ ಓಡುವ ಕಾರುಗಳಲ್ಲಿ ಬರೀ ತೇವಾಂಶದಿಂದಲೇ ಅಂಥ ಕೆನೆ ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯ (ಡಿಪ್‌ಸ್ಟಿಕ್) ತುದಿಯ ಆಯಿಲ್ ಕೂಡ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದು ಬಹುಮಟ್ಟಿಗೆ ನಿಶ್ಚಿತ, ಆ ಮೇಲೆ ಆ ಕಾರನ್ನು ಓಡಿಸಬಾರದು.

ಗ್ಯಾರೇಜಿನಲ್ಲಿ ಮೂರು ಪರೀಕ್ಷೆಗಳನ್ನು ಕೇಳಿ ಮಾಡಿಸಿ. ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ತುಂಬಿ ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು ಒಂದು. ಹೊರಗೆ ಹನಿ ಕಾಣದಿದ್ದರೂ ವಾಟರ್ ಪಂಪು ಅಥವಾ ಹೋಸುಗಳು ಓಡುವಾಗ ಮಾತ್ರ ಸೋರುವುದುಂಟು, ಅದು ಇದರಲ್ಲಿ ಬಯಲಾಗುತ್ತದೆ. ಎರಡನೆಯದರಲ್ಲಿ ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣವಿರುವ ನಳಿಕೆ ಇಟ್ಟು ಒಳಗಿನ ಗಾಳಿಯನ್ನು ಎಳೆಯುತ್ತಾರೆ. ದಹನದ ಅನಿಲವಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಮೂರನೆಯದು ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹರಿದಿರುವ ಸಂಭವವೇ ಹೆಚ್ಚು. ಎಲ್ಲ ಸಿಲಿಂಡರುಗಳಲ್ಲೂ ಕಡಿಮೆ ಇದ್ದು, ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಒತ್ತಡ ಏರಿದರೆ ಪಿಸ್ಟನ್ನಿನ ಸುತ್ತ ಒತ್ತಡ ಸೋರದಂತೆ ತಡೆಯುವ ರಿಂಗುಗಳು ಸವೆದಿವೆ ಎಂದರ್ಥ. ದೊಡ್ಡ ವರ್ಕ್‌ಶಾಪಿನವರ 95,000ಕ್ಕೆ ಅರ್ಥ ಬರುವುದು ಆಗ ಮಾತ್ರ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ ಎಂದಾದರೆ ರಿಂಗಿನ ಮಾತು ನನಗೆ ಅನುಮಾನಾಸ್ಪದವಾಗಿಯೇ ಕಾಣುತ್ತದೆ.

ಇನ್ನೊಂದು ಸಾಧ್ಯತೆಯನ್ನು ಇಬ್ಬರೂ ನಿಮಗೆ ಹೇಳಿಲ್ಲ. ಸಿಟಿಯಲ್ಲಿ ಸಿಗ್ನಲಿಗೆ ನಿಂತಾಗ ಹೀಟ್ ಆದರೆ ಸಾಮಾನ್ಯವಾಗಿ ಫ್ಯಾನಿನ ದೋಷವಿರುತ್ತದೆ. ಸಿಟಿಯಲ್ಲಿ ಸರಿಯಿದ್ದು ಘಾಟಿನಲ್ಲಿ ಮಾತ್ರ ಹೀಟ್ ಆದರೆ ಅರ್ಧ ಕಟ್ಟಿಕೊಂಡ ರೇಡಿಯೇಟರನ್ನೂ ಶಂಕಿಸಬೇಕು, ಏಕೆಂದರೆ ಎಂಜಿನ್ ಪೂರ್ತಿ ಭಾರ ಹೊತ್ತಾಗಲೇ ಅದರ ಕೊರತೆ ಎದ್ದು ಕಾಣುತ್ತದೆ. ಕೂಲೆಂಟ್ ಇಳಿದಾಗಲೆಲ್ಲ ನಲ್ಲಿ ಅಥವಾ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ. ಗಡುಸು ನೀರಿನ ಸುಣ್ಣ ಕೊಳವೆಗಳ ಒಳಗೆ ಪದರಗಟ್ಟಿ, ಹನ್ನೆರಡು ವರ್ಷ ಕಳೆದ ಕಾರಿನ ರೇಡಿಯೇಟರಿನಲ್ಲಿ ನೀರು ಹರಿಯುವ ಜಾಗವೇ ಉಳಿದಿರುವುದಿಲ್ಲ. ನೀಲಿ ದ್ರಾವಣದ ಬಣ್ಣ ಬದಲಾಗದಿದ್ದರೆ ರೇಡಿಯೇಟರ್, ಥರ್ಮೋಸ್ಟಾಟ್ ಮತ್ತು ವಾಟರ್ ಪಂಪುಗಳನ್ನು ನೋಡಿಸಿ. ಎಂಜಿನ್ನಿಗೆ ಕೈಹಚ್ಚದೆ ಕೆಲಸ ಮುಗಿದರೂ ಮುಗಿಯಬಹುದು.

ಈಗ ಹಣದ ಮಾತಿಗೆ ಬರೋಣ. ರಿಪೇರಿ ಖರ್ಚನ್ನು ಕಾರಿನ ಬೆಲೆಯೊಂದಿಗೆ ತೂಗಿ, ಅರ್ಧಕ್ಕಿಂತ ಹೆಚ್ಚಾದರೆ ಮಾರಿಬಿಡಿ ಎಂದು ಹೇಳುವವರಿದ್ದಾರೆ. ಆ ಅಳತೆ ನನಗೆ ಒಪ್ಪಿಗೆಯಿಲ್ಲ. ಇಂದು ಮಾರಿದರೆ ಬರುವ 90,000ಕ್ಕೆ ರಿಪೇರಿಯ ಖರ್ಚನ್ನು ಕೂಡಿಸಿ, ಅಷ್ಟು ಹಣಕ್ಕೆ ಬೇರೆ ಎಂಥ ಕಾರು ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ನಿಮ್ಮ ಲೆಕ್ಕ 1,20,000. ಮೊದಲ ದಿನದಿಂದ ನಿಮ್ಮ ಕೈಯಲ್ಲೇ ಇದ್ದು, ಅಪಘಾತ ಕಾಣದ, ತುಕ್ಕಿಲ್ಲದ ಕಾರು ಆ ಹಣಕ್ಕೆ ಹೊರಗೆ ಸಿಗುವುದು ಕಷ್ಟ; ಆದ್ದರಿಂದ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ಮನಸ್ಸು ಬದಲಾಗಿ ಮಾರಿದರೂ ಹಾಕಿದ್ದು ಹಿಂದಿರುಗುತ್ತದೆ. ರಿಂಗು, ಬೇರಿಂಗುಗಳವರೆಗೆ ಹೋದರೆ ಲೆಕ್ಕ 1,85,000. ಅಂದರೆ ಚೆನ್ನಾಗಿರುವ ಕಾರಿನ ಬೆಲೆಯನ್ನು ಮುಟ್ಟಿಬಿಟ್ಟಿರಿ, ಆದರೆ ಕೊಳ್ಳುವವರು ಆ ಬೆಲೆ ಕೊಡುವುದಿಲ್ಲ. ಎಂಜಿನ್ ಬಿಚ್ಚಿದ ಗಾಡಿ ಎಂದು ತಿಳಿದ ಕೂಡಲೇ ಬೆಲೆ ಇಳಿಸಿಯೇ ಮಾತಾಡುತ್ತಾರೆ. ಮಾರುವ ಉದ್ದೇಶದಿಂದ ಅಷ್ಟು ಖರ್ಚು ಮಾಡುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಆ ಸಂದರ್ಭದಲ್ಲಿ ಇದ್ದ ಸ್ಥಿತಿಯಲ್ಲೇ ಮಾರಿ.

ನಿಮ್ಮ ನೋಂದಣಿಯ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖಾಸಗಿ ಕಾರಿನ ನೋಂದಣಿ ಪತ್ರ (ಆರ್‌ಸಿ) 15 ವರ್ಷಗಳದು, ನಿಮ್ಮದು 2028ರ ಕೊನೆಗೆ ಮುಗಿಯುತ್ತದೆ. ದೆಹಲಿಯಂತೆ ವಯಸ್ಸಿನ ಮೇಲೆ ನಿಷೇಧವಿರುವ ನಿಯಮ ಪುಣೆಗೆ ಅನ್ವಯಿಸುವುದಿಲ್ಲ. ವಾಹನವನ್ನು ಆರ್‌ಟಿಓಗೆ ತೋರಿಸಿ ಐದು ವರ್ಷಗಳಿಗೆ ನವೀಕರಿಸಬಹುದು. ಆದರೆ 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ, ಮಹಾರಾಷ್ಟ್ರದಲ್ಲಿ ಅದರ ಮೇಲೆ ಪರಿಸರ ತೆರಿಗೆಯೂ ಇದೆ. 2028 ಹತ್ತಿರವಾದಷ್ಟೂ ಬೆಲೆ ಕುಸಿಯುತ್ತದೆ. ಸಾಲದೆಂಬಂತೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ 18 ಶೇಕಡಕ್ಕೆ ಇಳಿದ ಮೇಲೆ ಹಳೆಯ ಗಾಡಿಗಳ ಬೆಲೆಯ ಮೇಲೂ ಒತ್ತಡ ಬಿದ್ದಿದೆ. ನೆರೆಯವರು ಎರಡು ವರ್ಷಗಳ ಹಿಂದೆ ಮಾರಿದ ಬೆಲೆಯನ್ನು ಮರೆತುಬಿಡಿ.

ರಿಪೇರಿಗೆ ಕೊಟ್ಟರೆ ಒಂದು ಎಚ್ಚರ. ಹೆಡ್ಡು ಬಿಚ್ಚಿದ ದಿನ ಗ್ಯಾರೇಜಿಗೆ ಹೋಗಿ. ಮೆಕ್ಯಾನಿಕ್ ಅದರ ಮೇಲೆ ನೇರ ಅಂಚಿನ ಪಟ್ಟಿಯನ್ನು ಅಡ್ಡಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳು ಎಲೆ ತೂರುತ್ತದೆಯೇ ಎಂದು ನೋಡಬೇಕು. ಅಲ್ಯೂಮಿನಿಯಂ ಹೆಡ್ಡು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಬಾಗಿದ್ದರೂ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳಲ್ಲಿ ಮತ್ತೆ ಹೋಗಬಹುದು, ಆದ್ದರಿಂದ ಲೇತ್ ಅಂಗಡಿಯಲ್ಲಿ ಫೇಸಿಂಗ್, ಅಂದರೆ ಮೇಲ್ಮೈಯನ್ನು ಸಮತಟ್ಟು, ಮಾಡಿಸಬೇಕಾಗುತ್ತದೆ. ಬಿರುಕಿದೆಯೇ ಎಂಬುದನ್ನೂ ಅಲ್ಲೇ ನೋಡಿಸಿ. ಹೆಡ್ ಬೋಲ್ಟುಗಳು ಹೊಸವೇ ಇರಲಿ. ಹಳೆಯ ಗ್ಯಾಸ್ಕೆಟನ್ನು ನಿಮ್ಮ ಕೈಗೆ ಕೇಳಿ ಪಡೆಯಿರಿ.

ಕೊನೆಯ ಪ್ರಶ್ನೆಗೆ ಉತ್ತರ: ಹೇಳಲೇಬೇಕು. ತಿಳಿದ ದೋಷವನ್ನು ಬೇಕೆಂದೇ ಮರೆಮಾಚುವುದು 1872ರ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ ವಂಚನೆ. ಘಾಟಿನಲ್ಲಿ ಎಂಜಿನ್ ಹೀಟ್ ಆಗುತ್ತದೆ, ಕೊಳ್ಳುವವರು ಅದನ್ನು ತಿಳಿದೇ ಈ ಬೆಲೆಗೆ ಒಪ್ಪಿದ್ದಾರೆ ಎಂಬ ವಾಕ್ಯವನ್ನು ಮಾರಾಟ ಪತ್ರದಲ್ಲಿ ಬರೆಸಿದರೆ ನಿಮಗೇ ಕ್ಷೇಮ.

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇವೆ. ಕಳೆದ ಮಳೆಗಾಲದಲ್ಲಿ ಯಜಮಾನರು ನೀರು ನಿಂತ ರಸ್ತೆಯಲ್ಲಿ ಕಾರು ತೆಗೆದುಕೊಂಡು ಹೋದಾಗ ಎಂಜಿನ್ ನಿಂತಿತು, ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಜಾಮ್ ಆಯಿತು. ವಿಮಾ ಕಂಪನಿಯವರು ಹಣ ಕೊಡಲಿಲ್ಲ. ಈಗ ದಲ್ಲಾಳಿಯೊಬ್ಬರು ನಗದು ಕೊಡುತ್ತೇನೆ, ಖಾಲಿ ಫಾರಂಗಳಿಗೆ ಸಹಿ ಹಾಕಿ ಎನ್ನುತ್ತಿದ್ದಾರೆ.

ಉತ್ತರ: ಮೊದಲು ಸಹಿಯ ವಿಚಾರ, ತಾಯಿ. ಮಾಲೀಕತ್ವ ವರ್ಗಾಯಿಸುವ 29 ಮತ್ತು 30ನೇ ಫಾರಂಗಳಿಗೆ ಖಾಲಿಯಾಗಿ ಸಹಿ ಹಾಕಲೇಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದೂ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಕಾರು ಯಾರ್ಯಾರ ಕೈ ದಾಟಿ ಹೋಗಿದ್ದರೂ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆ ಸಹಿ ಮಾಡಿ, ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಆರ್‌ಟಿಓಗೆ ತಿಳಿಸಿ. ಅಧಿಕೃತ ಪರವಾನಗಿಯಿರುವ ಡೀಲರಿಗೆ ಮಾರಿದರೆ, 2023ರ ಏಪ್ರಿಲ್‌ನಿಂದ ಜಾರಿಯಾದ ಕೇಂದ್ರ ನಿಯಮದಂತೆ, ಗಾಡಿ ಒಪ್ಪಿಸಿದ ವಿವರವನ್ನು ವಾಹನ್ ಪೋರ್ಟಲಿನಲ್ಲಿ ದಾಖಲಿಸಿದ ಮೇಲೆ ಹೊಣೆ ಡೀಲರಿಗೆ ಹೋಗುತ್ತದೆ.

ಎಂಜಿನ್‌ನೊಳಗೆ ನೀರು ಹೊಕ್ಕಾಗ ಸ್ಟಾರ್ಟ್ ಮಾಡಿದರೆ, ನೀರನ್ನು ಒತ್ತಲಾಗದ ಕಾರಣ ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಇಂಥ ನಷ್ಟ ಬರುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕು. ರಾಡು ಬಾಗಿದ ಎಂಜಿನ್ ಪೂರ್ತಿ ಬಿಚ್ಚುವ ಕೆಲಸವೇ ಆದ್ದರಿಂದ ನಿಮ್ಮ ಸಂದರ್ಭದಲ್ಲಿ ಮಾರಾಟವೇ ಸರಿ, ಆದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರದ ಬೆಲೆಯನ್ನೂ ಕೇಳಿ ನೋಡಿ. ಅಲ್ಲಿ ಸಿಗುವ ಪ್ರಮಾಣಪತ್ರದಿಂದ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ ಪಡೆಯಲು ಅವಕಾಶವಿದೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗಾಗಿ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಕಾರಿನದಲ್ಲ, ಮಾಲೀಕರದು. ಇದ್ದರೆ ಅದರ ಪತ್ರವನ್ನು ವಿಮಾ ಕಂಪನಿಯಿಂದ ತೆಗೆದುಕೊಳ್ಳಿ.

ಪ್ರಶ್ನೆ: ಗೋವಾದ ವಾಸ್ಕೋದಿಂದ. ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಹೊಂದಿಸಿ ಓಡಿಸುವ ಪಟ್ಟಿ) ತುಂಡಾಗಿ ನನ್ನ ಡೀಸೆಲ್ ಕಾರಿನ ಎಂಜಿನ್ ಕೆಟ್ಟಿದೆ. ಮುಂಬೈಯ ಕುರ್ಲಾದಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತರಿಸಿ ಕೂರಿಸಬಹುದೇ?

ಉತ್ತರ: ಕೂರಿಸಬಹುದು, ಆದರೆ ಎಂಜಿನ್ ನಂಬರು ಆರ್‌ಸಿಯಲ್ಲಿ ನಮೂದಾಗಿರುವುದರಿಂದ ಬದಲಾವಣೆಯನ್ನು ಆರ್‌ಟಿಓದಲ್ಲಿ ದಾಖಲಿಸಲೇಬೇಕು. ಅದಕ್ಕೆ ಆ ಎಂಜಿನ್ನಿನ ಬಿಲ್ಲು ಮತ್ತು ಅದು ಯಾವ ಗಾಡಿಯಿಂದ ಬಂತೆಂಬ ಕಾಗದ ಬೇಕು. ಎರಡನ್ನೂ ಕೊಡಲಾಗದ ಅಂಗಡಿಯವರ ಮಾಲನ್ನು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡಿ. ಅದಕ್ಕೂ ಮೊದಲು ಹೆಡ್ಡನ್ನಷ್ಟೇ ಬಿಚ್ಚಿಸಿ ನೋಡಿ. ಬೆಲ್ಟ್ ತುಂಡಾದಾಗ ಪಿಸ್ಟನ್ನು ಬಡಿದು ವಾಲ್ವುಗಳು ಬಾಗುವುದೇ ಹೆಚ್ಚು. ಪಿಸ್ಟನ್ನಿನ ತಲೆಗೆ ಪೆಟ್ಟಾಗಿಲ್ಲದಿದ್ದರೆ ವಾಲ್ವು, ಗೈಡು, ಬೆಲ್ಟಿನ ಕಿಟ್ಟು ಹಾಕಿಸಿಕೊಂಡು ಅದೇ ಎಂಜಿನ್ನಿನಲ್ಲಿ ಮುಂದುವರಿಯಬಹುದು, ಆರ್‌ಟಿಓದ ಓಡಾಟವೂ ಉಳಿಯುತ್ತದೆ.