ವಿದೇಶಿ ಗೆಳೆಯರಿಗೆ ಏನು ತೋರಿಸಲಿ ಎಂದು ಕೇಳಿದವರಿಗೆ, ಘಟ್ಟದ ಅಂಚಿನಿಂದ

ಇಟಲಿಯ ಗೆಳೆಯರು ಸಕಲೇಶಪುರಕ್ಕೆ ಬರುತ್ತಿದ್ದಾರೆ, ಎರಡು ದಿನದಲ್ಲಿ ಅವರಿಗೆ ನಮ್ಮ ದೇಶದ ಸಂಸ್ಕೃತಿಯನ್ನು ಪರಿಚಯಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಆ ‘ದೇಶ’ವನ್ನು ಕೆಳಗಿಳಿಸಿ. ಎರಡು ದಿನದಲ್ಲಿ ನಮ್ಮ ತಾಲ್ಲೂಕೇ ಮುಗಿಯುವುದಿಲ್ಲ. ವೇದ, ಯೋಗ, ವಿವಿಧತೆಯಲ್ಲಿ ಏಕತೆ ಎಂದು ಬೆಂಗಳೂರಿನಿಂದ ದಾರಿಯುದ್ದಕ್ಕೂ ಭಾಷಣ ಮಾಡಿದರೆ ಪಾಪ, ಸೌಜನ್ಯಕ್ಕೆ ತಲೆಯಾಡಿಸುತ್ತಾರೆ. ಮುಟ್ಟಿ ತೋರಿಸಬಲ್ಲದ್ದನ್ನು ಮಾತ್ರ ತೋರಿಸಿ.

ನಮ್ಮದು ಗಡಿಯ ಊರು. ರಾಜ್ಯದ ಗಡಿ ಇಲ್ಲಿಲ್ಲ, ಇರುವುದು ಘಟ್ಟ. ಶಿರಾಡಿಯಲ್ಲೋ ಬಿಸಿಲೆಯಲ್ಲೋ ಇಳಿದರೆ ದಕ್ಷಿಣ ಕನ್ನಡ; ಮೂಡಿಗೆರೆ ಕಡೆಯವರಿಗೆ ಚಾರ್ಮಾಡಿ. ನಮಗೆ ಅವರು ಘಟ್ಟದ ಕೆಳಗಿನವರು, ಅವರಿಗೆ ನಾವು ಘಟ್ಟದ ಮೇಲಿನವರು. ಎರಡೂ ಕಡೆ ಈ ಮಾತಿನಲ್ಲಿ ಸ್ವಲ್ಪ ಬಿಗುಮಾನವಿದೆ, ನೆಂಟಸ್ತನವೂ ಇದೆ. ಪೂರ್ವಕ್ಕೆ ಹೋದರೆ ಅರಸೀಕೆರೆಯ ತೆಂಗು, ರಾಗಿ ಹೊಲ. ಒಂದೇ ಹಾಸನ ಜಿಲ್ಲೆಯ ಒಂದು ತುದಿಯವರು ಮಳೆ ನಿಂತರೆ ಸಾಕೆಂದು ಕೈಮುಗಿಯುವ ಹೊತ್ತಿಗೆ ಇನ್ನೊಂದು ತುದಿಯವರು ಮಳೆಗಾಗಿ ಪೂಜೆ ಮಾಡಿಸುತ್ತಿರುತ್ತಾರೆ. ಇಲ್ಲಿ ಅಕ್ಕಿರೊಟ್ಟಿ, ಕಡುಬು, ಅಲ್ಲಿ ಮುದ್ದೆ. ನಮ್ಮ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡದ ಜತೆಗೆ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ತಮಿಳು, ಉರ್ದು ಕಿವಿಗೆ ಬೀಳುತ್ತವೆ. ಈಚೆಗೆ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಾತೂ ಸೇರಿಕೊಂಡಿದೆ. ಅತಿಥಿಗಳನ್ನು ಮೊದಲು ಆ ಸಂತೆಗೇ ಕರೆದುಕೊಂಡು ಹೋಗಿ.

ಆಮೇಲೆ ಕಾಫಿ. ನೀವು ಇದನ್ನು ‘ನಮ್ಮ ಮಣ್ಣಿನ ಬೆಳೆ’ ಎಂದು ಹೇಳಿಬಿಡುತ್ತೀರೆಂಬ ಅನುಮಾನ ನನಗಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ದೊಡ್ಡ ತೋಟಗಳಾಗಿ ಹಬ್ಬಿಸಿದವರು ಬ್ರಿಟಿಷ್ ಪ್ಲಾಂಟರುಗಳು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದಿಗೂ ತಳಿಗಳ ಮೇಲೆ ಕೆಲಸ ಮಾಡುತ್ತಿದೆ. ಭಾರತದ ಕಾಫಿಯಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಕೊಳ್ಳುವವರಲ್ಲಿ ಇಟಲಿಯೇ ಮುಂದು. ನಿಮ್ಮ ಗೆಳೆಯರು ಊರಿನಲ್ಲಿ ಕುಡಿಯುವ ಎಸ್‌ಪ್ರೆಸೊದಲ್ಲಿ ನಮ್ಮ ರೊಬಸ್ಟಾ ಬೆರೆತಿದ್ದರೂ ಆಶ್ಚರ್ಯವಿಲ್ಲ. ಇಲ್ಲಿ ಮಾತ್ರ ಅವರಿಗೆ ಚಿಕೋರಿ ಬೆರೆಸಿದ ಹಾಲಿನ ಕಾಫಿ ಸಿಗುತ್ತದೆ, ಹಳೆಯ ಮನೆಯಾದರೆ ಬೆಲ್ಲದ ಕಾಫಿ. ಮುಖ ಕಿವಿಚಿದರೆ ಕಿವಿಚಲಿ, ಬೇರೆ ಮಾಡಿಸಿ ಕೊಡಲು ಹೋಗಬೇಡಿ.

ತೋಟ ನೋಡುವಾಗ ಅವರು ಖಂಡಿತ ಕೇಳುವ ಪ್ರಶ್ನೆ, ಹಣ್ಣು ಕೊಯ್ಯುವವರು ಯಾರು, ಎಲ್ಲಿರುತ್ತಾರೆ ಎಂಬುದು. ಆಗ ಮಾತು ತಿರುಗಿಸಬೇಡಿ. ಬಂಗಲೆಯನ್ನಷ್ಟೇ ತೋರಿಸಿ ಕೂಲಿಯವರು ಇರುವ ಲೈನ್ ಮನೆಗಳ ಸಾಲನ್ನು ಕಾರಿನ ಕಿಟಕಿಯಲ್ಲಿ ದಾಟಿಸಿಬಿಡುವುದು ಇಲ್ಲಿನ ಹಳೆಯ ಚಾಳಿ. ತಲೆಮಾರುಗಳಿಂದ ತೋಟದಲ್ಲಿ ದುಡಿದರೂ ಸ್ವಂತಕ್ಕೆ ಅಂಗೈಯಗಲ ಜಾಗ ಇಲ್ಲದವರು ಇದ್ದಾರೆ. ಅವರಲ್ಲಿ ದಲಿತ ಕುಟುಂಬಗಳು ಬಹಳ. ಇದನ್ನು ಹೇಳಿದರೆ ಊರಿನ ಮರ್ಯಾದೆ ಹೋಗುತ್ತದೆ ಎನ್ನುವವರು ನಮ್ಮಲ್ಲೂ ಇದ್ದಾರೆ. ನನಗೆ ಹಾಗೆನಿಸುವುದಿಲ್ಲ. ಎಲ್ಲ ಚೆನ್ನಾಗಿದೆ ಎಂದು ಹೇಳುವ ಆತಿಥೇಯರನ್ನು ಯಾವ ದೇಶದವರೂ ನಂಬುವುದಿಲ್ಲ.

ಬೇಲೂರಿಗೆ ನೀವು ಹೇಗೂ ಹೋಗುತ್ತೀರಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಗಾಡಿ ನಿಲ್ಲಿಸುವುದೇ ಕಷ್ಟ. ಹೊಯ್ಸಳ ದೊರೆ ವಿಷ್ಣುವರ್ಧನ, ದೇಗುಲದ ಪ್ರತಿಷ್ಠೆಯಾದ 1117, ನಕ್ಷತ್ರಾಕಾರದ ಜಗಲಿ ಇವೆಲ್ಲವನ್ನೂ ಗೈಡ್ ಹೇಳುತ್ತಾರೆ. ಜಕಣಾಚಾರಿಯ ಕತೆಯನ್ನೂ ಹೇಳುತ್ತಾರೆ. ಕತೆ ಸೊಗಸಾಗಿದೆ, ಕೇಳಿಸಿಕೊಳ್ಳಿ. ಅದಾದ ಮೇಲೆ ಮದನಿಕೆಯರ ಪೀಠದ ಕಡೆಗೆ ಬೆರಳು ತೋರಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಬಳೆಯ ಗೆರೆಯವರೆಗೂ ಕೊರೆಯಲು ಅವರಿಗೆ ಸಾಧ್ಯವಾಯಿತು. ಒಂಬತ್ತು ಶತಮಾನದ ಹಿಂದೆ ಅಪ್ಪ, ಮಗ ಸಹಿ ಹಾಕಿ ಹೋದ ಕೆಲಸವೆಂದರೆ ಮೈಕೆಲಾಂಜೆಲೊನ ನಾಡಿನವರಿಗೆ ಬೇರೆ ವಿವರಣೆ ಬೇಕಾಗದು. ಸಮಯ ಉಳಿದರೆ ಅದೇ ತಾಲ್ಲೂಕಿನ ಹಲ್ಮಿಡಿ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕಿದ ಊರು. ನೋಡಲು ಸಾಧಾರಣ ಹಳ್ಳಿ, ಅದೇ ಅದರ ಚಂದ.

ಹಬ್ಬ ತೋರಿಸಬೇಕೆಂದರೆ ದಸರೆಯ ಹಿಂದೆ ಬೀಳಬೇಡಿ, ನಮ್ಮ ಊರಹಬ್ಬ ಸುಗ್ಗಿಯ ಬಗ್ಗೆ ಹೇಳಿ. ಸಾರು ಹಾಕಿದ ಮೇಲೆ, ಅಂದರೆ ಊರಿನಲ್ಲಿ ಡಂಗುರದಂತೆ ಕಟ್ಟು ಸಾರಿದ ಮೇಲೆ, ಹಬ್ಬ ಮುಗಿಯುವ ತನಕ ಹಸಿ ಮರ ಕಡಿಯುವಂತಿಲ್ಲ. ಕೆಲವು ಊರುಗಳಲ್ಲಿ ಒಗ್ಗರಣೆಯನ್ನೂ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರೂ ಊರಿಗೆ ಬಂದರೆ ಈ ಕಟ್ಟು ಮೀರುವುದಿಲ್ಲ. ಯಾಕೆ ಎಂದು ಅತಿಥಿಗಳು ಕೇಳಿದರೆ ಊರಿನ ಹಿರಿಯರನ್ನೇ ಕೇಳಿಸಿ, ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ.

ಆನೆಯ ಮಾತೂ ಬರುತ್ತದೆ. ವಿದೇಶದವರಿಗೆ ಆನೆ ಕಂಡರೆ ಪುಣ್ಯ, ನಮಗೆ ಕಾಣದಿದ್ದರೆ ಪುಣ್ಯ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಹಿಂಡು ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ, ಅದನ್ನು ನೋಡಿಯೇ ಕೆಲಸಕ್ಕೆ ಹೊರಡುವುದು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಫೋಟೊ ತೆಗೆಯಲು ಯಾರನ್ನೂ ಬಿಡಬೇಡಿ.

ಡಿಸೆಂಬರಿನಲ್ಲಿ ಬನ್ನಿ. ಅರೇಬಿಕಾ ಕೊಯ್ಲು ನಡೆದಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ. ಜುಲೈಯಲ್ಲೇ ಬರುತ್ತೇವೆಂದು ಹಟ ಹಿಡಿದರೆ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಇಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ, ಹೊಗೆಸೊಪ್ಪು ನಮ್ಮ ಮನೆಯಲ್ಲಿದೆ, ತರಬೇಕಾಗಿಲ್ಲ.