ಗಡಿಯಾರ ನುಂಗಿದ 10,000 ಫಾಂಟ್‌ಗಳು

ಪ್ರಶ್ನೆ: ಅಪ್ಪನ ಅಡಿಕೆ ಅಂಗಡಿಗೆ ಸಿ++ನಲ್ಲಿ ನಾನೇ ವಿಂಡೋಸ್ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಬೆಳಗ್ಗೆ 9.30ಕ್ಕೆ ಶುರು ಮಾಡಿದರೆ 12 ದಾಟಿ ಹತ್ತು-ಹದಿನೈದು ನಿಮಿಷಕ್ಕೆ ಬಟನ್‌ಗಳು ಮಾಯ, ಮೂಲೆಯ ಗಡಿಯಾರದ ಅಕ್ಷರ ದಪ್ಪವಾಗುತ್ತದೆ. ಮುಚ್ಚಿ ತೆರೆದರೆ ಸರಿ. ರ‍್ಯಾಮ್ 16 ಜಿಬಿಗೆ ಏರಿಸಿದೆ, ಪ್ರಯೋಜನ ಆಗಲಿಲ್ಲ. ಕೋಡ್ ಕಳಿಸಿದ್ದೇನೆ. — ಓದುಗರೊಬ್ಬರು, ಶಿರಸಿ

ಉತ್ತರ: ರ‍್ಯಾಮ್‌ಗೆ ಸುಮ್ನೆ ದುಡ್ಡು ಹಾಕಿದಿರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಹೊತ್ತು. ಫಾಂಟ್, ಪೆನ್, ಬ್ರಶ್, ಬಿಟ್‌ಮ್ಯಾಪ್ (ಚಿತ್ರ) ಇವೆಲ್ಲ ಜಿಡಿಐ ಆಬ್ಜೆಕ್ಟ್‌ಗಳು, ಅಂದರೆ ಪರದೆ ಮೇಲೆ ಬರೆಯಲು ವಿಂಡೋಸ್ ಕೊಡುವ ಸಾಮಾನುಗಳು. ಒಂದು ಪ್ರೋಗ್ರಾಂಗೆ ವಿಂಡೋಸ್ ಸಾಮಾನ್ಯವಾಗಿ 10,000ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಇಲ್ಲಿ ಲೆಕ್ಕ ತಲೆ ಎಣಿಕೆಯದು, ಗಾತ್ರದ್ದಲ್ಲ. ನಿಮ್ಮ ಗಡಿಯಾರ ಸೆಕೆಂಡಿಗೊಮ್ಮೆ ಬರೆಯುವಾಗಲೆಲ್ಲ ಕ್ರಿಯೇಟ್‌ಫಾಂಟ್ ಕರೆದು ಹೊಸ ಫಾಂಟ್ ಮಾಡುತ್ತದೆ, ಹಳೆಯದನ್ನು ಅಳಿಸುವುದಿಲ್ಲ. 10,000 ಸೆಕೆಂಡ್ ಅಂದರೆ 2 ಗಂಟೆ 46 ನಿಮಿಷ. 9.30ಕ್ಕೆ ಕೂಡಿಸಿ ನೋಡಿ, 12.16! ಆಮೇಲೆ ಹೊಸ ಫಾಂಟ್ ಸಿಗುವುದಿಲ್ಲ, ವಿಂಡೋಸ್‌ನ ಹಳೇ ದಪ್ಪ ಅಕ್ಷರವೇ ಗತಿ. ಪ್ರೋಗ್ರಾಂ ಮುಚ್ಚಿದಾಗ ಎಲ್ಲವನ್ನೂ ವಿಂಡೋಸೇ ಗುಡಿಸಿ ಹಾಕುತ್ತದೆ. ಅದಕ್ಕೇ ಮರಳಿ ತೆರೆದರೆ ಸರಿ ಹೋಗುವುದು.

ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಕಾಲಂ ಸೇರಿಸಿ. ಸೆಕೆಂಡಿಗೊಂದರಂತೆ ಏರುವುದು ಕಾಣುತ್ತದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಮಿತಿ ಏರಿಸಿ ಎಂದು ಯಾರಾದರೂ ಹೇಳಿಯಾರು, ಬೇಡ. ಊಟದ ಹೊತ್ತಿನ ಕಾಟ ರಾತ್ರಿಗೆ ಹೋಗುತ್ತದೆ, ಅಷ್ಟೇ. ವಿಂಡೋ ಹುಟ್ಟುವಾಗ ಒಂದೇ ಸಲ ಫಾಂಟ್ ಮಾಡಿಟ್ಟುಕೊಳ್ಳಿ, ವಿಂಡೋ ಹೋಗುವಾಗ ಡಿಲೀಟ್‌ಆಬ್ಜೆಕ್ಟ್ ಮಾಡಿ.

ಬಿಟ್‌ಮ್ಯಾಪ್ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಅದರಲ್ಲಿ ನಾನೇ ಬಿದ್ದಿದ್ದೆ. ಮೊದಲ ಕೆಲಸದಲ್ಲಿ ಟೋಕನ್ ನಂಬರ್ ತೋರಿಸುವ ಪರದೆ ಬರೆದಿದ್ದೆ. ಮಿಣುಕಬಾರದು ಅಂತ ಮೊದಲು ಬಿಟ್‌ಮ್ಯಾಪ್ ಮೇಲೆ ಬರೆದು, ಆಮೇಲೆ ಪರದೆಗೆ ನಕಲು ಮಾಡುತ್ತಿದ್ದೆ. ಪ್ರತಿ ಸಲವೂ ಡಿಲೀಟ್‌ಆಬ್ಜೆಕ್ಟ್ ಇತ್ತು, ಆದರೂ ಅಂಕಿ ಏರುತ್ತಲೇ ಇತ್ತು. ಎರಡು ರಾತ್ರಿ ಹೋಯಿತು. ಕೊನೆಗೆ ನೋಡಿದರೆ ಬಿಟ್‌ಮ್ಯಾಪ್ ಇನ್ನೂ ಡಿಸಿಯಲ್ಲಿ (ಡಿವೈಸ್ ಕಾಂಟೆಕ್ಸ್ಟ್, ಬರೆಯುವಾಗ ಈ ಸಾಮಾನುಗಳನ್ನು ಕೂರಿಸುವ ಜಾಗ) ಸೆಲೆಕ್ಟ್ ಆಗಿಯೇ ಕೂತಿದೆ! ಹಾಗಿದ್ದಾಗ ಅಳಿಸು ಅಂದರೆ ವಿಂಡೋಸ್ ಸೊನ್ನೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆ ಉತ್ತರವನ್ನು ನಾನು ನೋಡಿಯೇ ಇರಲಿಲ್ಲ. ಸೆಲೆಕ್ಟ್‌ಆಬ್ಜೆಕ್ಟ್‌ನಿಂದ ಡಿಸಿಯಲ್ಲಿ ಮೊದಲಿದ್ದ ಬಿಟ್‌ಮ್ಯಾಪನ್ನು ವಾಪಸ್ ಕೂರಿಸಿ, ಆಮೇಲೆ ನಮ್ಮದನ್ನು ಅಳಿಸಬೇಕು.

ಫಾಂಟ್ ಸರಿಪಡಿಸಿ ಒಂದು ಗಂಟೆ ಬಿಡಿ. ಆಗಲೂ ಅಂಕಿ ಏರಿದರೆ ಬಿಲ್ ಪ್ರಿಂಟ್ ಮಾಡುವ ಭಾಗದ ಕೋಡ್ ಕಳಿಸಿ. ನನಗೆ ಅಲ್ಲಿನ ಲೋಗೋ ಮೇಲೂ ಅನುಮಾನ ಇದೆ.